ಸೋರಿಕೆ ಪರದೆಯ ಮೇಲೆ ಕಂಡರೆ ಸಾಲದು

ಮಾನ್ಯ ಸಂಪಾದಕರೇ,

ನಗರಗಳು ಹಿಗ್ಗುತ್ತಿವೆ, ನೀರು ಸಾಲುತ್ತಿಲ್ಲ, ಮಳೆ ಬಂದರೆ ಚರಂಡಿ ಉಕ್ಕುತ್ತದೆ, ರಸ್ತೆಯಲ್ಲಿ ವಾಹನ ಕದಲುವುದಿಲ್ಲ. ಇವೆಲ್ಲಕ್ಕೂ ಸೆನ್ಸರು, ಕ್ಯಾಮೆರಾ, ನಿಯಂತ್ರಣ ಕೊಠಡಿಯ ಪರದೆಗಳಿಂದ ನಡೆಯುವ ಸ್ಮಾರ್ಟ್ ಸಿಟಿಯೇ ಮದ್ದು ಎಂದು ಹೇಳುವ ಲೇಖನಗಳು ಆಗಾಗ ಬರುತ್ತವೆ. ಮದ್ದು ಸುಳ್ಳಲ್ಲ. ಆದರೆ ಯಾವ ಸಾಧನ ಯಾವ ಕಾಯಿಲೆಯನ್ನು ಎಷ್ಟರಮಟ್ಟಿಗೆ ಗುಣಪಡಿಸುತ್ತದೆ ಎಂಬ ಲೆಕ್ಕವನ್ನು ಯಾರೂ ಓದುಗರ ಮುಂದೆ ಇಡುವುದಿಲ್ಲ. ಈ ಪತ್ರದಲ್ಲಿ ಅಂಥ ಕೆಲವು ಲೆಕ್ಕಗಳಿವೆ.

ನೀರಿನಿಂದಲೇ ಶುರು ಮಾಡುವೆ. ನೆಲದಡಿಯ ಪೈಪಿನಲ್ಲಿ 6 ಮಿಲಿಮೀಟರ್ ತೂತು ಬಿದ್ದಿದೆ, ಪೈಪಿನೊಳಗಿನ ಒತ್ತಡ 20 ಮೀಟರ್ ಎತ್ತರದ ನೀರಿಗೆ ಸಮ ಎಂದುಕೊಳ್ಳಿ. ಆ ತೂತಿನಿಂದ ದಿನಕ್ಕೆ ಸುಮಾರು 29 ಸಾವಿರ ಲೀಟರ್ ಹರಿದುಹೋಗುತ್ತದೆ. ತಲಾ 135 ಲೀಟರ್ ಎಂಬ ಮಾನದಂಡ ಹಿಡಿದರೆ 215 ಜನರ ದಿನದ ನೀರು ಅದು. ಇಂಥ ಸೋರಿಕೆ ನಿಲ್ಲುವವರೆಗೆ ಮೂರು ಗಡಿಯಾರಗಳು ಒಂದರ ಹಿಂದೆ ಒಂದು ಓಡುತ್ತವೆ. ಸೋರುತ್ತಿದೆ ಎಂದು ಗೊತ್ತಾಗುವವರೆಗಿನದು ಮೊದಲನೆಯದು. ಎಲ್ಲಿ ಎಂದು ಪತ್ತೆಯಾಗುವವರೆಗಿನದು ಎರಡನೆಯದು. ಅಗೆದು, ಸರಿಪಡಿಸಿ, ಗುಂಡಿ ಮುಚ್ಚುವವರೆಗಿನದು ಮೂರನೆಯದು. ಗೊತ್ತಾಗಲು 10 ದಿನ, ಹುಡುಕಲು 5 ದಿನ, ದುರಸ್ತಿಗೆ 15 ದಿನ ಹಿಡಿಯುವ ಊರಿನಲ್ಲಿ ಆ ಒಂದು ತೂತಿನಿಂದ ಪೋಲಾಗುವುದು ಸುಮಾರು 8.7 ಲಕ್ಷ ಲೀಟರ್. ಅಲ್ಲಿ ಸೆನ್ಸರ್ ಕೂರಿಸಿ ಮೊದಲ ಗಡಿಯಾರವನ್ನು 10 ದಿನದಿಂದ 1 ದಿನಕ್ಕೆ ಇಳಿಸಿದರೆ ಒಟ್ಟು 21 ದಿನ, ಪೋಲು 6.1 ಲಕ್ಷ ಲೀಟರ್. ಸೆನ್ಸರನ್ನೇ ಹಾಕದೆ, ದುರಸ್ತಿ ತಂಡಕ್ಕೆ ಜನ, ಕ್ಲ್ಯಾಂಪು, ಅಗೆಯುವ ಅನುಮತಿ ಮೂರನ್ನೂ ಸಮಯಕ್ಕೆ ಒದಗಿಸಿ 15 ದಿನವನ್ನು 3ಕ್ಕೆ ಇಳಿಸಿದರೆ ಒಟ್ಟು 18 ದಿನ, ಪೋಲು 5.2 ಲಕ್ಷ ಲೀಟರ್. ಎರಡನ್ನೂ ಮಾಡಿದರೆ 9 ದಿನಕ್ಕೆ ಮುಗಿಯುತ್ತದೆ, ನಿಜ. ಆದರೆ ಟೆಂಡರು ಕರೆಯುವಾಗ ಒಂದನ್ನಷ್ಟೇ ಆರಿಸಿಕೊಂಡು, ಅದನ್ನೇ ಇಡೀ ಯೋಜನೆ ಎಂದು ಕರೆಯುವ ರೂಢಿ ಇದೆ. ಹಾಗೆ ಆರಿಸಿಕೊಳ್ಳುವುದು ಸಾಮಾನ್ಯವಾಗಿ ಉದ್ಘಾಟಿಸಲು ಬರುವಂಥದ್ದನ್ನು.

ಮೊದಲ ಗಡಿಯಾರವನ್ನು ಇಳಿಸುವುದೂ ಸೆನ್ಸರ್ ತಂದು ಜೋಡಿಸಿದಷ್ಟು ಸಲೀಸಲ್ಲ. ವಿತರಣಾ ಜಾಲವನ್ನು 500ರಿಂದ 3,000 ಸಂಪರ್ಕಗಳ ವಲಯಗಳಾಗಿ ಒಡೆಯಬೇಕು. ಪ್ರತಿ ವಲಯಕ್ಕೆ ನೀರು ಒಂದೇ ಬಾಗಿಲಿನಿಂದ, ಹೆಚ್ಚೆಂದರೆ ಎರಡರಿಂದ ಒಳಬರಬೇಕು. ಅಲ್ಲಿ ಹರಿವಿನ ಮೀಟರು ಮತ್ತು ಒತ್ತಡದ ಮಾಪಕ ಇರಬೇಕು. ಪಕ್ಕದ ವಲಯಕ್ಕೆ ಹೋಗುವ ಗಡಿ ವಾಲ್ವುಗಳೆಲ್ಲ ಬಿಗಿಯಾಗಿ ಮುಚ್ಚಿರಬೇಕು. ಮುಚ್ಚಿವೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ನಡುರಾತ್ರಿ ಒಳಬರುವ ವಾಲ್ವನ್ನು ಮುಚ್ಚಿ, ವಲಯದ ಒತ್ತಡ ಸೊನ್ನೆಗೆ ಇಳಿಯುತ್ತದೆಯೇ ನೋಡಬೇಕು. ಇಳಿಯದಿದ್ದರೆ ನಕ್ಷೆಯಲ್ಲಿ ಇಲ್ಲದ ಯಾವುದೋ ಪೈಪು ಎಲ್ಲಿಂದಲೋ ನೀರು ತರುತ್ತಿದೆ ಎಂದರ್ಥ. ಹಳೆಯ ಜಾಲಗಳಲ್ಲಿ ಮೊದಲ ಪರೀಕ್ಷೆಯಲ್ಲೇ ಪಾಸಾಗುವ ವಲಯ ಅಪರೂಪ. ಈ ಪರೀಕ್ಷೆ ಮಾಡದೆ ಮೀಟರು ಹಾಕಿ, ಅದು ತೋರಿಸುವ ಅಂಕಿಯನ್ನು ‘ವಲಯದ ಬಳಕೆ’ ಎಂದು ಪರದೆಯ ಮೇಲೆ ಬರೆದರೆ ಆ ಅಂಕಿಗೆ ಅರ್ಥವೇ ಇಲ್ಲ. ಮೀಟರು ಕೂರಿಸುವ ಜಾಗವೂ ಮುಖ್ಯ. ವಿದ್ಯುತ್ಕಾಂತೀಯ ಮೀಟರಿಗೆ ನೀರು ಬರುವ ಕಡೆ ಪೈಪಿನ ವ್ಯಾಸದ ಐದು ಪಟ್ಟು, ಹೋಗುವ ಕಡೆ ಎರಡು-ಮೂರು ಪಟ್ಟು ನೇರ ಪೈಪು ಬೇಕು, ಪೈಪು ಪೂರ್ತಿ ತುಂಬಿ ಹರಿಯಬೇಕು. ಜಾಗವಿಲ್ಲವೆಂದು ಬೆಂಡಿನ ಪಕ್ಕಕ್ಕೇ ಕೂರಿಸಿದ ಮೀಟರು ಓದುತ್ತದೆ, ತಪ್ಪಾಗಿ ಓದುತ್ತದೆ.

ಇಷ್ಟೆಲ್ಲ ಸರಿಯಿದ್ದರೆ, ಊರು ಮಲಗಿರುವ ರಾತ್ರಿ 2ರಿಂದ 4 ಗಂಟೆಯ ಹರಿವು ಸೋರಿಕೆಯ ಗುಟ್ಟು ಬಿಟ್ಟುಕೊಡುತ್ತದೆ. ಉದಾಹರಣೆಗೆ 1,500 ಸಂಪರ್ಕಗಳ ವಲಯಕ್ಕೆ ಆ ಹೊತ್ತಿನಲ್ಲಿ ಗಂಟೆಗೆ 12 ಸಾವಿರ ಲೀಟರ್ ಹೋಗುತ್ತಿದೆ ಎನ್ನಿ. ಸಂಪರ್ಕವೊಂದಕ್ಕೆ ಗಂಟೆಗೆ 3 ಲೀಟರ್ ನಿಜವಾದ ಬಳಕೆ ಎಂದು ಬಿಟ್ಟರೆ 4,500 ಲೀಟರ್. ಉಳಿದ 7,500 ಲೀಟರ್ ಸೋರಿಕೆಯೇ ಇರಬೇಕು. ರಾತ್ರಿ ಒತ್ತಡ ಹೆಚ್ಚಿರುವುದರಿಂದ ಇದನ್ನು 24ರಿಂದ ಗುಣಿಸದೆ 20ರಿಂದ ಗುಣಿಸಿದರೂ ದಿನಕ್ಕೆ ಒಂದೂವರೆ ಲಕ್ಷ ಲೀಟರ್.

ಈ ವಿಧಾನವನ್ನು ಮಾರಲು ಬರುವವರು ಸಾಮಾನ್ಯವಾಗಿ ಹೇಳದ ಮಾತೊಂದಿದೆ: ನೀರು ದಿನವಿಡೀ ಹರಿಯುವ ಜಾಲಕ್ಕೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಕೆಲವು ಗಂಟೆ ನೀರು ಬಿಡುವ ಕಡೆ, ನೀರು ಬಂದ ಕೂಡಲೇ ಮನೆಮನೆಯ ಟ್ಯಾಂಕುಗಳು ಬಾಯಿ ತೆರೆದು ತುಂಬಿಸಿಕೊಳ್ಳುತ್ತವೆ. ರಾತ್ರಿಯ ಹರಿವಿಗೂ ಸೋರಿಕೆಗೂ ನಂಟೇ ಉಳಿಯುವುದಿಲ್ಲ. ಖಾಲಿ ಪೈಪಿಗೆ ನೀರು ನುಗ್ಗುವಾಗ ಮುಂದೆ ತಳ್ಳಿಸಿಕೊಂಡ ಗಾಳಿ ಮನೆಯ ಮೀಟರನ್ನು ಗಿರಗಿರ ತಿರುಗಿಸುತ್ತದೆ. ಪೂರೈಕೆ ನಿಂತ ಮೇಲೆ ಪೈಪಿನೊಳಗೆ ಉಂಟಾಗುವ ನಿರ್ವಾತ ಅದೇ ತೂತುಗಳಿಂದ ಚರಂಡಿ ನೀರನ್ನು ಒಳಗೆಳೆಯುತ್ತದೆ. ಅಂಥ ಜಾಲಕ್ಕೆ ಮೊದಲು ಬೇಕಾದದ್ದು ಒಂದೊಂದೇ ವಲಯವಾಗಿ ನಿರಂತರ ಪೂರೈಕೆ, ಒತ್ತಡ ನಿಯಂತ್ರಣ, ಮನೆ ಸಂಪರ್ಕಗಳ ಬದಲಾವಣೆ. ಸೋರಿಕೆಯ ಬಹುಪಾಲು ದೊಡ್ಡ ಕೊಳವೆಯಲ್ಲಿ ಅಲ್ಲ, ಮುಖ್ಯ ಪೈಪಿನಿಂದ ಮನೆಗೆ ಕವಲೊಡೆಯುವ ಸಣ್ಣ ಜೋಡಣೆಯಲ್ಲಿರುತ್ತದೆ. ಅದು ಒಡೆದರೆ ರಸ್ತೆಯ ಮೇಲೆ ಕಾರಂಜಿ ಏಳುವುದಿಲ್ಲ, ಸದ್ದಿಲ್ಲದೆ ವರ್ಷಗಟ್ಟಲೆ ಸೋರುತ್ತದೆ.

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಇದಕ್ಕೆ ದೊಡ್ಡ ಸಾಕ್ಷಿ. 1993ರಲ್ಲಿ ಅಲ್ಲಿ ಪೂರೈಸಿದ ನೀರಿನ ಶೇ 72ರಷ್ಟು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. 2010ರ ಹೊತ್ತಿಗೆ ಅದು ಶೇ 6ರ ಆಸುಪಾಸಿಗೆ ಇಳಿದಿತ್ತು. ಜಲ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ಎಕ್ ಸೊನ್ ಚಾನ್ ಅವರಿಗೆ 2006ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಿಡಿದ ದಾರಿಯಲ್ಲಿ ಮಿಂಚುವಂಥದ್ದೇನೂ ಇರಲಿಲ್ಲ. ಪ್ರತಿ ಸಂಪರ್ಕಕ್ಕೂ ಮೀಟರು, ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಬಿಲ್ಲು, ಹಳೆಯ ಪೈಪುಗಳ ಬದಲಾವಣೆ, ಹಗಲಿರುಳು ಸಿದ್ಧವಿರುವ ಸೋರಿಕೆ ತಂಡ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಹೀಗೆ ಬುನಾದಿ ಗಟ್ಟಿಯಾದ ಜಾಲದಲ್ಲಿ ಕೂರಿಸಿದ ಮಾಪಕದ ಅಂಕಿಯನ್ನು ನಂಬಬಹುದು.

ಎರಡನೆಯ ಗಡಿಯಾರದ ಬಗ್ಗೆ ಒಂದು ಮಾತು. ಯಾವ ವಾಲ್ವು ಯಾವ ಬೀದಿಯ ಕಲ್ಲಿನಡಿ ಹೂತುಹೋಗಿದೆ, ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಮುಚ್ಚುತ್ತದೆ, ಯಾವುದು ಎಡಕ್ಕೆ ತಿರುಗುತ್ತದೆ ಎಂಬುದು ಬಹಳ ಕಡೆ ನೀರುಗಂಟಿಯ ತಲೆಯಲ್ಲಿ ಮಾತ್ರ ಇದೆ. ಆತ ನಿವೃತ್ತನಾದ ದಿನ ನಗರದ ನಕ್ಷೆಯ ಒಂದು ಹಾಳೆ ಹರಿದಂತೆ. ಆದ್ದರಿಂದ ನಕ್ಷೆ ತಯಾರಿಸುವ ಕಂಪನಿಯ ಹುಡುಗನ ಜೊತೆ ನೀರುಗಂಟಿ ಬೀದಿಬೀದಿ ನಡೆಯಬೇಕು. ಪ್ರತಿ ವಾಲ್ವಿನ ಸ್ಥಾನ, ಆಳ, ವ್ಯಾಸ, ತಿರುಗುವ ದಿಕ್ಕು, ಸುತ್ತುಗಳ ಸಂಖ್ಯೆ ದಾಖಲಾಗಬೇಕು. ಆಮೇಲೆ ಯಾರೇ ರಸ್ತೆ ಅಗೆದರೂ ಗುಂಡಿ ಮುಚ್ಚುವ ಮುನ್ನ ಕಂಡದ್ದನ್ನು ಅಳೆದು ಆ ನಕ್ಷೆಗೆ ಸೇರಿಸುವುದು ಕಡ್ಡಾಯವಾಗಬೇಕು. ಈ ಕೆಲಸಕ್ಕೆ ಡ್ರೋನು ಬೇಡ, ಕೃತಕ ಬುದ್ಧಿಮತ್ತೆಯೂ ಬೇಡ.

ಸಿಗ್ನಲ್ ವಿಷಯಕ್ಕೆ ಬರೋಣ. ವಾಹನಗಳ ಸಂಖ್ಯೆ ನೋಡಿ ತಾನೇ ಹಸಿರು ಸಮಯ ಹಂಚುವ ಸಿಗ್ನಲ್‌ಗಳು ಹೊಸವಲ್ಲ. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎರಡರ ಬೇರೂ 1970ರ ದಶಕದಲ್ಲಿದೆ. ಅವು ಏನು ಮಾಡಬಲ್ಲವು? ನಾಲ್ಕು ದಿಕ್ಕಿಗೆ ನಾಲ್ಕು ಸರದಿಯಿರುವ ವೃತ್ತದಲ್ಲಿ ಒಂದು ಸುತ್ತು 120 ಸೆಕೆಂಡು ಎನ್ನಿ. ಸರದಿ ಬದಲಾಗುವಾಗ ತಲಾ 4 ಸೆಕೆಂಡು ವ್ಯರ್ಥವಾದರೆ ಉಳಿಯುವುದು 104 ಸೆಕೆಂಡು. ಒಂದು ಪಥದಲ್ಲಿ ಹಸಿರು ದೀಪವೇ ಇದ್ದರೆ ಗಂಟೆಗೆ ಸುಮಾರು 1,800 ಕಾರು ದಾಟುತ್ತವೆ. ಹಾಗಾಗಿ ನಾಲ್ಕೂ ದಿಕ್ಕಿನ ಅತಿ ಒತ್ತಡದ ಪಥಗಳನ್ನು ಕೂಡಿಸಿದರೆ ಆ ವೃತ್ತ ಗಂಟೆಗೆ ದಾಟಿಸಬಲ್ಲದ್ದು 1,560. ಬರುವುದು 1,400 ಇದ್ದರೆ ಸ್ಮಾರ್ಟ್ ಸಿಗ್ನಲ್ ನಿಜಕ್ಕೂ ಉಪಕಾರಿ. ಖಾಲಿ ರಸ್ತೆಗೆ ಹಸಿರು ಕೊಟ್ಟು ತುಂಬಿದ ರಸ್ತೆಯನ್ನು ಕಾಯಿಸುವ ಪೆದ್ದುತನ ತಪ್ಪುತ್ತದೆ. ಬರುವುದು 1,800 ಆದರೆ ಗಂಟೆಗೆ 240 ವಾಹನ ಉಳಿದೇ ಉಳಿಯುತ್ತವೆ. ತಲಾ ಆರೂವರೆ ಮೀಟರ್ ಹಿಡಿದರೆ, ಎಲ್ಲ ದಿಕ್ಕಿನ ಸಾಲುಗಳನ್ನು ಕೂಡಿಸಿದಾಗ ಒಂದೂವರೆ ಕಿಲೋಮೀಟರ್. ಯಾವ ಸಾಫ್ಟ್‌ವೇರೂ ಇದನ್ನು ಕರಗಿಸಲಾರದು. ಸುತ್ತನ್ನು 180 ಸೆಕೆಂಡಿಗೆ ಎಳೆದರೆ ಸಾಮರ್ಥ್ಯ 1,640ಕ್ಕೆ ಏರುತ್ತದೆ, ಅಂದರೆ ಬರೀ ಶೇ 5ರ ಲಾಭ. ಅದಕ್ಕೆ ತೆರುವ ಬೆಲೆ ಏನೆಂದರೆ, ಪಾದಚಾರಿ ಇನ್ನೊಂದು ನಿಮಿಷದವರೆಗೆ ಹೆಚ್ಚು ಕಾಯಬೇಕು. ಆತ ಕಾಯುವುದಿಲ್ಲ, ಕೆಂಪಿನಲ್ಲೇ ನುಗ್ಗುತ್ತಾನೆ. ತಪ್ಪು ಆತನದೆಂದು ಕ್ಯಾಮೆರಾ ದಾಖಲಿಸುತ್ತದೆ.

ಪಥ ಶಿಸ್ತು ಇಲ್ಲದ, ದ್ವಿಚಕ್ರ ವಾಹನಗಳು ಸಂದುಗಳಲ್ಲಿ ತುಂಬಿಕೊಳ್ಳುವ ರಸ್ತೆಯಲ್ಲಿ ಎಣಿಕೆಯೇ ತಪ್ಪಾಗುತ್ತದೆ. ನೆಲದಲ್ಲಿ ಹೂತ ತಂತಿ ಸುರುಳಿ ರಸ್ತೆ ಅಗೆದಾಗ ತುಂಡಾಗುತ್ತದೆ. ಕ್ಯಾಮೆರಾ ಮಳೆಗೆ, ಎದುರಿನ ಹೆಡ್‌ಲೈಟಿಗೆ, ಬೆಳೆದ ಮರದ ಕೊಂಬೆಗೆ ಕುರುಡಾಗುತ್ತದೆ. ಎಣಿಕೆ ನಿಂತಾಗ ಸಿಗ್ನಲ್ ಹಳೆಯ ನಿಗದಿತ ಸಮಯಕ್ಕೆ ಮರಳುತ್ತದೆ. ಅದು ಸರಿಯಾದ ಏರ್ಪಾಡೇ. ಆದರೆ ಮರಳಿದ್ದು ಯಾರಿಗೂ ಗೊತ್ತಾಗದೆ ತಿಂಗಳುಗಟ್ಟಲೆ ಹಾಗೆಯೇ ಓಡುತ್ತಿರುತ್ತದೆ, ಫಲಕದಲ್ಲಿ ಮಾತ್ರ ‘ಸ್ಮಾರ್ಟ್’ ಎಂದು ಬರೆದಿರುತ್ತದೆ. ಬೇಡಿಕೆ ಸಾಮರ್ಥ್ಯವನ್ನು ಮೀರಿದಲ್ಲಿ ಕೆಲಸ ಮಾಡುವುದು ಬೇರೆ ಉಪಾಯ. ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಎಂದರೆ ಒಂದೇ ಪಥದಲ್ಲಿ ಗಂಟೆಗೆ 3,600 ಜನ ಸಾಗುತ್ತಾರೆ. ಅದೇ ಪಥದಲ್ಲಿ ಕಾರುಗಳು ಒಂದೂವರೆ ತಲೆಯಂತೆ ಹೊತ್ತರೆ, ಸಿಗ್ನಲೇ ಇಲ್ಲವೆಂದುಕೊಂಡರೂ 2,700. ಸ್ಟಾಕ್‌ಹೋಮ್ ನಗರ 2006ರಲ್ಲಿ ನಗರಮಧ್ಯ ಪ್ರವೇಶಿಸುವ ವಾಹನಗಳಿಗೆ ದಟ್ಟಣೆ ಶುಲ್ಕವನ್ನು ಪ್ರಯೋಗವಾಗಿ ಹಾಕಿ 2007ರಲ್ಲಿ ಕಾಯಂ ಮಾಡಿತು. ಶುಲ್ಕದ ಗಡಿ ದಾಟುವ ವಾಹನಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಅಲ್ಲಿಯೂ ಕ್ಯಾಮೆರಾ ಇತ್ತು. ಆದರೆ ಕೆಲಸ ಮಾಡಿದ್ದು ಶುಲ್ಕ, ಕ್ಯಾಮೆರಾ ರಸೀದಿ ಹರಿಯಿತು ಅಷ್ಟೇ.

ಮಳೆನೀರಿನ ಲೆಕ್ಕ ಇನ್ನೂ ನಿಷ್ಠುರ. 50 ಹೆಕ್ಟೇರ್ ಪ್ರದೇಶ ಹೊಲ-ತೋಪುಗಳಾಗಿದ್ದಾಗ ಬಿದ್ದ ಮಳೆಯ ಶೇ 30ರಷ್ಟು ಹರಿದು ಬರುತ್ತಿತ್ತು, ಕಾಂಕ್ರೀಟು ಹಾಸಿದ ಮೇಲೆ ಶೇ 80 ಬರುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಮಿಲಿಮೀಟರ್ ರಭಸದ ಮಳೆಗೆ ಮೊದಲು ಸೆಕೆಂಡಿಗೆ 2,500 ಲೀಟರ್ ಬರುತ್ತಿದ್ದ ಜಾಗದಲ್ಲಿ ಈಗ 6,700 ಲೀಟರ್. ಅದನ್ನು ಹೊರಬೇಕಾದ ಕಾಲುವೆ 2 ಮೀಟರ್ ಅಗಲ, 1 ಮೀಟರ್ ಆಳದ್ದಾಗಿದ್ದು, ಆಳದ ಮೂರನೇ ಒಂದು ಭಾಗ ಹೂಳು ಕೂತರೆ ಸಾಮರ್ಥ್ಯ ಮೂರನೇ ಒಂದಲ್ಲ, ಶೇ 40ಕ್ಕೂ ಹೆಚ್ಚು ಕುಸಿಯುತ್ತದೆ. ನೀರಿನ ಆಳದ ಜೊತೆಗೆ ಹರಿವಿನ ವೇಗವೂ ತಗ್ಗುವುದೇ ಇದಕ್ಕೆ ಕಾರಣ.

ಈ ಕಾಲುವೆಯ ಮೇಲೆ ನೀರಿನ ಮಟ್ಟ ಅಳೆಯುವ ಶಬ್ದತರಂಗದ ಮಾಪಕ ತೂಗುಹಾಕುತ್ತಾರೆ. ಅದು ಮೇಲಿನಿಂದ ದೂರ ಅಳೆದು ಕಾಲುವೆಯ ಆಳದಿಂದ ಕಳೆಯುತ್ತದೆ. ತಳದಲ್ಲಿ 30 ಸೆಂಟಿಮೀಟರ್ ಹೂಳು ಕೂತರೆ ಒಣಗಿದ ಕಾಲುವೆಯಲ್ಲೂ 30 ಸೆಂಟಿಮೀಟರ್ ‘ನೀರು’ ತೋರಿಸುತ್ತದೆ. ಬುದ್ಧಿವಂತರಾದವರು ಇದನ್ನೇ ಹೂಳಿನ ಮಾಪಕವಾಗಿ ಬಳಸಬಹುದು: ಮಳೆಯಿಲ್ಲದ ವಾರದಲ್ಲಿ ಅಂಕಿ ಏರುತ್ತಿದ್ದರೆ ಹೂಳೆತ್ತುವ ಹೊತ್ತು ಬಂದಿದೆ ಎಂದರ್ಥ. ಆದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ‘ಸುಳ್ಳು ಎಚ್ಚರಿಕೆ ಬರುತ್ತಿದೆ’ ಎಂದು ಯಾರೋ ಎಚ್ಚರಿಕೆಯ ಮಟ್ಟವನ್ನೇ ಮೇಲಕ್ಕೇರಿಸುತ್ತಾರೆ. ಜೇಡರ ಬಲೆ, ನೊರೆ, ತೇಲುವ ಪ್ಲಾಸ್ಟಿಕ್ಕು ಇವೂ ಮಾಪಕವನ್ನು ಮೋಸಗೊಳಿಸುತ್ತವೆ. ಮಾಪಕದ ಮುಖಕ್ಕೆ ತೀರಾ ಹತ್ತಿರ ನೀರು ಏರಿದರೆ, ಅಂದರೆ ಬಹಳ ಬೇಕಾದ ಹೊತ್ತಿನಲ್ಲೇ, ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕಾಲುವೆಯ ಗರಿಷ್ಠ ಮಟ್ಟಕ್ಕಿಂತ ಅರ್ಧ ಮೀಟರಾದರೂ ಮೇಲೆ ಅದನ್ನು ಕಟ್ಟಬೇಕು.

ಮಾಪಕ ಸರಿಯಾಗಿಯೇ ಓದಿತು ಎನ್ನೋಣ. ಅದು ಅಂಡರ್‌ಪಾಸಿನಿಂದ 2 ಕಿಲೋಮೀಟರ್ ಮೇಲ್ಗಡೆ ಕಾಲುವೆಯಲ್ಲಿದೆ, ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಕೆಳಗಿನ ಅಂಡರ್‌ಪಾಸಿಗೆ ನೀರು ತಲುಪಲು 22 ನಿಮಿಷ. ಈ 22 ನಿಮಿಷದಲ್ಲಿ ಸಭೆ ಕರೆಯಲಾಗದು, ಹೂಳೆತ್ತಲಾಗದು. ಮಾಡಬಹುದಾದದ್ದು ಒಂದೇ: ಅಂಡರ್‌ಪಾಸಿನ ಗೇಟು ಇಳಿಸಿ ವಾಹನ ತಡೆಯುವುದು. ಅದಕ್ಕೆ ಗೇಟು ಇರಬೇಕು, ನೀರು ಯಾವ ಮಟ್ಟ ಮುಟ್ಟಿದಾಗ ಇಳಿಸಬೇಕೆಂದು ಮೊದಲೇ ಬರೆದಿಟ್ಟಿರಬೇಕು, ಮೇಲಧಿಕಾರಿಯನ್ನು ಕೇಳದೆ ಇಳಿಸುವ ಅಧಿಕಾರ ಪಾಳಿಯಲ್ಲಿರುವವನಿಗೆ ಇರಬೇಕು. ಕೋಪನ್‌ಹೇಗನ್ ನಗರ 2011ರ ಜುಲೈ 2ರ ಮಹಾಮಳೆಯಲ್ಲಿ ಮುಳುಗಿದ ಮೇಲೆ, ಮರುವರ್ಷ ರೂಪಿಸಿದ ಯೋಜನೆಯಲ್ಲಿ ರಸ್ತೆಗಳನ್ನೇ ಕಾಲುವೆಯಂತೆ ಇಳಿಜಾರು ಮಾಡುವುದು, ಉದ್ಯಾನಗಳನ್ನು ತಗ್ಗಿಸಿ ತಾತ್ಕಾಲಿಕ ಕೆರೆಗಳಾಗಿಸುವುದು ಮುಖ್ಯ ಅಂಶಗಳಾದವು. ಮಣ್ಣು-ಕಲ್ಲಿನ ಕೆಲಸವದು, ಮಾಹಿತಿ ತಂತ್ರಜ್ಞಾನದ್ದಲ್ಲ.

ಕಸದ ತೊಟ್ಟಿಗೆ ಸೆನ್ಸರ್ ಹಾಕುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಡ್ಡ ಬಿದ್ದ ಒಂದು ರಟ್ಟಿನ ಪೆಟ್ಟಿಗೆ ಸಾಕು, ಖಾಲಿ ತೊಟ್ಟಿ ‘ತುಂಬಿದೆ’ ಎನ್ನುತ್ತದೆ; ದಿನವೂ ಮನೆ ಬಾಗಿಲಿನಿಂದ ಕಸ ಒಯ್ಯುವ ಕಡೆ ಅದರ ಅಗತ್ಯವೇ ಇಲ್ಲ. ಬೀದಿದೀಪದ ನಿಯಂತ್ರಣ ಪೆಟ್ಟಿಗೆ ಉಪಯುಕ್ತ, ಆದರೆ 40 ದೀಪಗಳ ಸಾಲಿನಲ್ಲಿ ಒಂದು ಕೆಟ್ಟರೆ ವಿದ್ಯುತ್ ಬಳಕೆ ಇಳಿಯುವುದು ಶೇ 2.5 ಮಾತ್ರ. ಮಾಪನದ ದೋಷ, ವೋಲ್ಟೇಜಿನ ಏರಿಳಿತಗಳ ನಡುವೆ ಅದು ಅಡಗಿಹೋಗುತ್ತದೆ. ಕೆಟ್ಟ ದೀಪವನ್ನು ಪೆಟ್ಟಿಗೆಯೇ ಹುಡುಕುತ್ತದೆಂದು ಗಸ್ತಿನವನನ್ನು ತೆಗೆದುಹಾಕಿದರೆ ಬೀದಿ ಕತ್ತಲಲ್ಲೇ ಇರುತ್ತದೆ.

ಖಾಲಿ ನೆಲದಲ್ಲಿ ಹೊಸದಾಗಿ ಕಟ್ಟಿದರೆ ಈ ತೊಡಕುಗಳೇ ಇರುವುದಿಲ್ಲವಲ್ಲ ಎನ್ನಬಹುದು. ಅಬುಧಾಬಿಯಲ್ಲಿ ಹೊಸದಾಗಿ ಕಟ್ಟಿದ ಮಸ್ದಾರ್ ನಗರದಲ್ಲಿ ಚಾಲಕರಿಲ್ಲದ ಪುಟ್ಟ ವಾಹನಗಳು 2010ರಲ್ಲಿ ಓಡತೊಡಗಿದವು, ಮೊದಲ ಹಂತವನ್ನು ದಾಟಿ ಊರೆಲ್ಲ ಹಬ್ಬಲಿಲ್ಲ. ಟೊರಾಂಟೊದ ಕೆರೆದಂಡೆಯಲ್ಲಿ 2017ರಲ್ಲಿ ಘೋಷಣೆಯಾದ ಬಡಾವಣೆ, ಜನರ ಚಲನವಲನದ ಮಾಹಿತಿ ಯಾರ ಕೈಗೆ ಎಂಬ ಜಗಳದಲ್ಲಿ ವರ್ಷಗಟ್ಟಲೆ ಎಳೆದಾಡಿ 2020ರ ಮೇನಲ್ಲಿ ಕೈಬಿಟ್ಟುಹೋಯಿತು. ಅದಕ್ಕಿಂತ ಮುಖ್ಯವಾಗಿ, ನಗರೀಕರಣ ನಡೆಯುವುದು ಖಾಲಿ ನೆಲದಲ್ಲಲ್ಲ, ಇರುವ ಊರುಗಳ ಅಂಚಿನಲ್ಲಿ. ಭಾರತದಲ್ಲಿ ಪೇಟೆಯ ಲಕ್ಷಣವೆಲ್ಲ ಇದ್ದೂ ಪುರಸಭೆಯಿಲ್ಲದ ‘ಜನಗಣತಿ ಪಟ್ಟಣ’ಗಳು 2001ರಲ್ಲಿ ಸುಮಾರು 1,360 ಇದ್ದದ್ದು 2011ರಲ್ಲಿ ಸುಮಾರು 3,900 ಆದವು. 2015ರ ಜೂನ್ 25ರಂದು ಶುರುವಾಗಿ 2025ರ ಮಾರ್ಚ್‌ನಲ್ಲಿ ಮುಗಿದ ಸ್ಮಾರ್ಟ್ ಸಿಟಿ ಮಿಷನ್ ಆರಿಸಿಕೊಂಡದ್ದು 100 ನಗರಗಳನ್ನು. ಆ ನಗರಗಳೊಳಗೂ ಹಣದ ಹೆಚ್ಚಿನ ಪಾಲು ಹೋದದ್ದು ಆಯ್ದ ಒಂದು ಪ್ರದೇಶಕ್ಕೆ. ಹಳೆಯ ಬಡಾವಣೆ ಸುಧಾರಣೆಗೆ ಮಾರ್ಗಸೂಚಿ ಹೇಳಿದ್ದು 500 ಎಕರೆಗಿಂತ ಹೆಚ್ಚಿನ ವಿಸ್ತೀರ್ಣ. ಚರಂಡಿಗೆ ಈ ಗಡಿಗೆರೆ ತಿಳಿಯುವುದಿಲ್ಲ. ಮೇಲಿನ ಬಡಾವಣೆಯ ನೀರು ಹೊಸ ಫುಟ್‌ಪಾತಿನ ಮೇಲೇ ಹರಿಯುತ್ತದೆ.

ನಿಯಂತ್ರಣ ಕೊಠಡಿಯೇ ಬೇಡವೆಂದು ಇದರ ಅರ್ಥವಲ್ಲ. ರಿಯೊ ಡಿ ಜನೈರೊ 2010ರ ಏಪ್ರಿಲ್‌ನ ಮಳೆ-ಭೂಕುಸಿತದ ನಂತರ ಅದೇ ವರ್ಷದ ಕೊನೆಯ ದಿನ ತೆರೆದ ಕೇಂದ್ರದ ನಿಜವಾದ ಗಟ್ಟಿತನ ಗೋಡೆಯಗಲದ ಪರದೆಯಲ್ಲ. ಬೇರೆ ಬೇರೆ ಇಲಾಖೆಯವರು ಒಂದೇ ಕೋಣೆಯಲ್ಲಿ ಕೂತು, ಫೋನಿಗೆ ಕಾಯದೆ ಮಾತಾಡಿಕೊಳ್ಳುವಂತಾದದ್ದು. ಆದರೆ ಅಂಥ ಕೋಣೆಗೂ ಒಂದು ಲೆಕ್ಕ ಅನ್ವಯಿಸುತ್ತದೆ. 500 ಸೆನ್ಸರುಗಳಲ್ಲಿ ದಿನಕ್ಕೆ ಶೇ 2 ಮಾತ್ರ ಸುಳ್ಳು ಹೇಳಿದರೂ ವಾರಕ್ಕೆ 70 ಸುಳ್ಳು ಎಚ್ಚರಿಕೆ. ನಿಜವಾದ ಘಟನೆ ವಾರಕ್ಕೊಂದು. ಎರಡನೇ ತಿಂಗಳಿಗೆ ಸಿಬ್ಬಂದಿ ಗಂಟೆಯ ಸದ್ದು ಆರಿಸುತ್ತಾರೆ, ಅವರನ್ನು ದೂರುವಂತಿಲ್ಲ.

ಆದ್ದರಿಂದ ಒಪ್ಪಂದದಲ್ಲೇ ಕೆಲವು ಮಾತು ಬರೆದಿರಬೇಕು. ಹಣ ಕೊಡುವುದು ಕೂರಿಸಿದ ಸೆನ್ಸರಿನ ಸಂಖ್ಯೆಗಲ್ಲ, ತಿಂಗಳಲ್ಲಿ ಬಂದ ಬಳಸಬಹುದಾದ ಓದುಗಳಿಗೆ. ವರ್ಷಕ್ಕೊಮ್ಮೆ ಕೈಯಿಂದ ಅಳೆದು ತಾಳೆ ನೋಡಬೇಕು. ಹತ್ತಕ್ಕೆ ಒಂದರಂತೆ ಬಿಡಿ ಸಾಧನ ಉಗ್ರಾಣದಲ್ಲಿರಬೇಕು. ಮಾಹಿತಿ ನಗರಸಭೆಯ ಸ್ವತ್ತು, ಯಾವ ಕಂಪನಿಯ ಸಾಫ್ಟ್‌ವೇರಿನಲ್ಲೂ ತೆರೆಯಬಲ್ಲ ರೂಪದಲ್ಲಿ ಸಿಗಬೇಕು. ಇಲ್ಲದಿದ್ದರೆ ಐದು ವರ್ಷದ ನಿರ್ವಹಣೆ ಮುಗಿದ ಮರುದಿನ ಪರವಾನಗಿ, ಸಿಮ್, ಬ್ಯಾಟರಿ ಮೂರೂ ಒಟ್ಟಿಗೆ ಸಾಯುತ್ತವೆ. ಮಾಹಿತಿ ಕಳಿಸುವ ಅಂತರವನ್ನು ಕೆಲಸದ ವೇಗಕ್ಕೆ ಹೊಂದಿಸಬೇಕು: ಸೋರಿಕೆಯ ಮೀಟರು 15 ನಿಮಿಷಕ್ಕೊಮ್ಮೆ ಬರೆದಿಟ್ಟು ದಿನಕ್ಕೊಮ್ಮೆ ಕಳಿಸಿದರೆ ಸಾಕು, ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, ಕಾಲುವೆಯ ಮಾಪಕ ಮಳೆ ಶುರುವಾದೊಡನೆ ನಿಮಿಷಕ್ಕೊಮ್ಮೆ ಕಳಿಸಬೇಕು, ಬೇಸಿಗೆಯಲ್ಲಿ ಮಲಗಿರಬಹುದು. ಪ್ರತಿ ಬಗೆಯ ಎಚ್ಚರಿಕೆಯ ಎದುರಿಗೂ ಒಂದು ಹುದ್ದೆ, ಒಂದು ಕೆಲಸ, ಒಂದು ಗಡುವು ಬರೆದಿರಬೇಕು. ಹಾಗೆ ಬರೆಯಲಾಗದ ಎಚ್ಚರಿಕೆಯ ಸೆನ್ಸರನ್ನು ಕೊಳ್ಳುವುದೇ ಬೇಡ.

ತಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಇಂಥ ಕೇಂದ್ರದ ಉದ್ಘಾಟನೆಗೆ ಹೋದಾಗ ಕ್ಯಾಮೆರಾ ಎಷ್ಟು, ಪರದೆ ಎಷ್ಟು ಅಗಲ ಎಂದು ಕೇಳಬೇಡಿ. ಕಳೆದ ಹತ್ತು ಸೋರಿಕೆಗಳ ಪಟ್ಟಿ ಕೇಳಿ. ಪ್ರತಿಯೊಂದಕ್ಕೂ ಮೂರು ದಿನಾಂಕ: ಗೊತ್ತಾದದ್ದು, ಜಾಗ ಸಿಕ್ಕಿದ್ದು, ಗುಂಡಿ ಮುಚ್ಚಿದ್ದು. ಮೂರನೇ ಅಂಕಣ ಖಾಲಿಯಿದ್ದರೆ ಅದನ್ನೇ ಹಾಗೆಯೇ ಅಚ್ಚು ಹಾಕಿ.

ಇಂತಿ,
ತಮ್ಮ ಓದುಗ